ಕಿಡಿ ಎಲ್ಲಿ ಹೋಯಿತು?

ಕಿಕ್ ಹೊಡೆದರೂ ಮೋಟಾರ್ ಸೈಕಲ್ ಸ್ಟಾರ್ಟ್ ಆಗದಿದ್ದರೆ ದೊಡ್ಡವರು ಏನು ಮಾಡುತ್ತಾರೆ ಎಂದು ನೀವು ನೋಡಿಯೇ ಇರುತ್ತೀರಿ. ಇನ್ನೂ ಹತ್ತು ಕಿಕ್ ಹೊಡೆಯುತ್ತಾರೆ. ಆಮೇಲೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ ಅಲ್ಲಾಡಿಸಿ, ಟ್ಯಾಂಕಿನೊಳಗೆ ಪೆಟ್ರೋಲ್ ಕುಲುಕುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಮತ್ತೆ ಹತ್ತು ಕಿಕ್. ಅಷ್ಟರಲ್ಲಿ ದಾರಿಹೋಕರೊಬ್ಬರು ನಿಂತು "ಪ್ಲಗ್ ನೋಡಿ ಸಾರ್" ಅನ್ನುತ್ತಾರೆ. ಇನ್ನೊಬ್ಬರು "ಚೋಕ್ ಹಾಕಿದ್ರಾ?" ಅನ್ನುತ್ತಾರೆ. ಕಾಲು ಸೋತ ಮೇಲೆ ತಳ್ಳಿಕೊಂಡು ಗ್ಯಾರೇಜಿಗೆ.

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಹುಡುಕುವ ಕೆಲಸ ಇನ್ನೂ ಶುರುವಾಗಿಲ್ಲ ಅಷ್ಟೆ. ಈ ವಾರ ಆ ಹುಡುಕುವ ಕೆಲಸದ ಮಾತು. ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡಿರುವ ಅಜ್ಜಂದಿರಿದ್ದರೆ ಮಕ್ಕಳು ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವರಿಗೆ ಗೊತ್ತಿರುವುದು ಇಲ್ಲಿ ಬರೆದಿರುವುದಕ್ಕಿಂತ ಹೆಚ್ಚಿರಬಹುದು.

ನಾನು ಹೇಳಹೊರಟಿರುವುದು ಒಂದು ಯೆಜ್ಡಿ ಗಾಡಿಯ ಕಥೆ. ಮೈಸೂರಿನ ಮಕ್ಕಳಿಗೆ ಈ ಹೆಸರು ಹೊಸದಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯ ದೇಶದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಅಲ್ಲಿ ಮೋಟಾರ್ ಸೈಕಲ್ ತಯಾರಿಸಿದರು. ಜಾವಾ ಎಂದರೆ ಇಂಡೋನೇಷ್ಯದ ದ್ವೀಪವಲ್ಲ. ಕಂಪನಿ ಕಟ್ಟಿದವರು ಯಾನೆಚೆಕ್, ಅವರು ಮೊದಲು ಕೈಗೆತ್ತಿಕೊಂಡದ್ದು ವಾಂಡರರ್ ಎಂಬ ಜರ್ಮನ್ ಕಂಪನಿಯ ಗಾಡಿ. ಯಾನೆಚೆಕ್‌ನ 'ಯಾ', ವಾಂಡರರ್‌ನ 'ವಾ' ಸೇರಿ ಯಾವಾ. ಇಂಗ್ಲಿಷ್ ಅಕ್ಷರದಲ್ಲಿ ಓದಿದ ನಮ್ಮ ಬಾಯಲ್ಲಿ ಅದು ಜಾವಾ ಆಯಿತು. 1973ರಿಂದ ಮೈಸೂರಿನ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಮೊಳೆಯಂಥ ಕೀಲಿ, ಗೇರ್ ಹಾಕುವ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಗೊತ್ತಿಲ್ಲದವರಿಗೆ ಆ ಗಾಡಿ ಸ್ಟಾರ್ಟ್ ಮಾಡುವುದೇ ಒಂದು ಒಗಟು.

ನಮ್ಮ ಬೀದಿಯಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದರು. ಅವರದು 1976ರ ಯೆಜ್ಡಿ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಗಾಡಿ ಹಜಾರದ ಪಕ್ಕದ ಶೆಡ್ಡಿನಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಊರಿಗೆ ಬಂದಾಗೊಮ್ಮೆ ತೆಗೆದು ಓಡಿಸುತ್ತಿದ್ದ. ಹೀಗೇ ಒಂದು ಸಂಜೆ ಏಳನೇ ಕ್ಲಾಸಿನ ಮಗಳನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿನಿಂದ ಬರುತ್ತಿದ್ದಾಗ ಗಾಡಿ ನಡುರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಹಿಂದೆ ಲಾರಿ. ಲಾರಿಯವನು ಪುಣ್ಯಾತ್ಮ, ಬ್ರೇಕ್ ಹಾಕಿದ. ಅರ್ಧ ಗಂಟೆ ರಸ್ತೆ ಬದಿಯಲ್ಲಿ ನಿಂತು, ಮತ್ತೆ ಕಿಕ್ ಹೊಡೆದರೆ ಏನೂ ಆಗದವರಂತೆ ಗಾಡಿ ಸ್ಟಾರ್ಟ್ ಆಯಿತು.

ಇದಾದ ಮೇಲೆ ಎರಡು ಗ್ಯಾರೇಜಿಗೆ ಹೋಗಿ ಬಂತು. ಒಂದು ಕಡೆ ಪ್ಲಗ್ ಬದಲಾಯಿಸಿ ಕಾರ್ಬ್ಯುರೇಟರ್ ತೊಳೆದರು. ಇನ್ನೊಂದು ಕಡೆ ಹೊಸ ಕಾಯಿಲ್ ಹಾಕಿದರು. ಎರಡೂ ಕಡೆ ಬಿಲ್ಲು ಆಯಿತು. ಗಾಡಿ ಮಾತ್ರ ಹತ್ತಿಪ್ಪತ್ತು ನಿಮಿಷ ಓಡಿದರೆ ನಿಲ್ಲುವುದು, ತಣ್ಣಗಾದರೆ ಓಡುವುದು.

ಮೇಷ್ಟ್ರ ಹೆಂಡತಿ ಒಂದು ದಿನ ನಮ್ಮ ಗೇಟಿನ ಹತ್ತಿರ ನಿಂತು ಹೇಳಿದರು: "ನೋಡಿ ಬ್ಯಾಂಕಿನವ್ರೇ, ಭಾನುವಾರ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ಮಗು ಅಳ್ತಾಳೆ, ತಾತನ ಗಾಡಿ ಕೊಡಬೇಡಿ ಅಂತ. ಅವರೇ ಹೋದರು, ಗಾಡಿ ಇಟ್ಕೊಂಡು ನಾನೇನು ಮಾಡಲಿ? ರಸ್ತೆ ಮಧ್ಯ ನಿಲ್ಲೋ ಗಾಡಿ ನಮ್ಮನೇಲಿ ಬೇಡ."

ಅವರು ಹೇಳಿದ್ದು ನ್ಯಾಯವಾದ ಮಾತು. ಸ್ಟಾರ್ಟೇ ಆಗದ ಗಾಡಿಯಿಂದ ಯಾರಿಗೂ ಅಪಾಯವಿಲ್ಲ. ಓಡಿ ನಂಬಿಸಿ ನಡುವೆ ಕೈಕೊಡುವ ಗಾಡಿ ಅಪಾಯ. ಅದರ ಕಾಯಿಲೆ ಸಿಕ್ಕಬೇಕು, ಇಲ್ಲವಾದರೆ ಗುಜರಿಯೇ ಸರಿ. "ಶನಿವಾರದವರೆಗೆ ಟೈಮ್ ಕೊಡಿ ಅಮ್ಮ" ಎಂದೆ.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಮೋಟಾರ್ ಸೈಕಲ್ ರಿಪೇರಿ ಏನು ಗೊತ್ತು ಎಂದು ನೀವು ಕೇಳಬಹುದು. ರಿಪೇರಿಗಿಂತ ಹುಡುಕುವುದು ನನಗೆ ಗೊತ್ತು. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡಿಸಿದಾಗ ಎರಡು ಕಡೆಯ ಮೊತ್ತ ಒಂದೇ ಬರಬೇಕಿತ್ತು. ಬರದಿದ್ದರೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಆಗ ನಾವು ಎಲ್ಲ ಚೀಟಿಗಳನ್ನೂ ಮೊದಲಿನಿಂದ ನೋಡುತ್ತಾ ಕೂರುತ್ತಿರಲಿಲ್ಲ. ಮೊದಲು ವ್ಯತ್ಯಾಸದ ಮುಖ ನೋಡುತ್ತಿದ್ದೆವು. 9ರಿಂದ ಭಾಗವಾಗುತ್ತದೆಯೇ? ಹಾಗಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು: 540ಕ್ಕೆ 450 ಬರೆದರೆ ವ್ಯತ್ಯಾಸ 90. ಮಕ್ಕಳು ಯಾವ ಎರಡು ಅಂಕಿಗಳನ್ನು ಬೇಕಾದರೂ ಅದಲುಬದಲು ಮಾಡಿ ನೋಡಿ, ವ್ಯತ್ಯಾಸ 9ರಿಂದ ಭಾಗವಾಗಿಯೇ ತೀರುತ್ತದೆ. ಸರಿಸಂಖ್ಯೆಯಾಗಿದ್ದರೆ ಅದರ ಅರ್ಧದ ಮೊತ್ತವನ್ನು ಯಾರಾದರೂ ಜಮೆಯ ಬದಲು ಖರ್ಚಿಗೆ ಹಾಕಿದ್ದಾರೆಯೇ ನೋಡು. ಇದೆಲ್ಲ ಅದೇ ಸಂಜೆ ಆಗಬೇಕು. ನಾಳೆ ಬೆಳಿಗ್ಗೆ ಹೊಸ ಚೀಟಿಗಳು ಬಂದು ಬಿದ್ದರೆ ತಪ್ಪು ಅದರಡಿ ಹೂತುಹೋಗುತ್ತದೆ.

ಯೆಜ್ಡಿಯ ವಿಚಾರದಲ್ಲಿ ಗ್ಯಾರೇಜಿನವರಿಗೆ ಆದದ್ದೂ ಇದೇ. ಗಾಡಿ ನಿಂತಾಗ ಅವರು ಎದುರಿಗಿರಲಿಲ್ಲ. ತಳ್ಳಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಇಂಜಿನ್ ತಣ್ಣಗಾಗಿ ಗುಣವಾಗಿರುತ್ತಿತ್ತು. ಜ್ವರ ಇಳಿದ ಮೇಲೆ ಡಾಕ್ಟರ ಬಳಿ ಕರೆದುಕೊಂಡು ಹೋದ ಹಾಗೆ. ಪಾಪ, ಅವರು ಊಹೆ ಮಾಡಿ ಒಂದೊಂದೇ ಸಾಮಾನು ಬದಲಾಯಿಸಿದರು.

ಮುಂದೆ ಹೋಗುವ ಮೊದಲು ಕಿಡಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದು ತಿಳಿಯದಿದ್ದರೆ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಯೆಜ್ಡಿಯ ಬ್ಯಾಟರಿ 6 ವೋಲ್ಟಿನದು. ಟಾರ್ಚಿಗೆ ನಾಲ್ಕು ಸೆಲ್ ಹಾಕಿದಷ್ಟೇ. ಇಷ್ಟು ವಿದ್ಯುತ್ತು ಒಂದು ಕಾಗದದ ದಪ್ಪದ ಗಾಳಿಯನ್ನೂ ಹಾರಿ ದಾಟಲಾರದು. ಆದರೆ ಪ್ಲಗ್ಗಿನ ತುದಿಯಲ್ಲಿ ಸುಮಾರು 0.6 ಮಿಲಿಮೀಟರ್ ಸಂದು ಇರುತ್ತದೆ. ಅದೂ ಇಂಜಿನ್ನಿನೊಳಗೆ ಒತ್ತಡದಲ್ಲಿರುವ ಗಾಳಿ ಮತ್ತು ಪೆಟ್ರೋಲ್ ಆವಿ. ಅದನ್ನು ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಆರನ್ನು ಸಾವಿರಾರು ಮಾಡುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿ ಸುತ್ತಿರುತ್ತಾರೆ. ಒಂದು ದಪ್ಪ ತಂತಿ, ಸುತ್ತು ಕಡಿಮೆ. ಇನ್ನೊಂದು ಕೂದಲಿನಷ್ಟು ಸಣ್ಣದು, ಸುತ್ತು ಸಾವಿರಾರು. ದಪ್ಪ ತಂತಿಯಲ್ಲಿ ಬ್ಯಾಟರಿಯ ವಿದ್ಯುತ್ತು ಹರಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ. ಆ ಹರಿವನ್ನು ಫಕ್ಕನೆ ಕಡಿದರೆ ಅಯಸ್ಕಾಂತ ಶಕ್ತಿ ಕುಸಿಯುತ್ತದೆ, ಆ ಕುಸಿತ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮ ಇದು. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಗಮನಿಸಿ, ಕಿಡಿ ಹುಟ್ಟುವುದು ವಿದ್ಯುತ್ತನ್ನು ಕೊಟ್ಟಾಗ ಅಲ್ಲ, ಕಡಿದಾಗ. ಕಡಿಯುವ ಕೆಲಸ 'ಪಾಯಿಂಟ್' ಎಂಬ ಪುಟ್ಟ ಬಾಗಿಲಿನದು. ಯೆಜ್ಡಿಯ ಬಲಗಡೆಯ ಮುಚ್ಚಳ ತೆಗೆದರೆ ಕಾಣುತ್ತದೆ. ಎರಡು ಲೋಹದ ಗುಂಡಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಇಂಜಿನ್ ಒಂದು ಸುತ್ತು ತಿರುಗಿದಾಗ ಒಂದು ಉಬ್ಬು ಬಂದು ಅವನ್ನು ಬೇರೆ ಮಾಡುತ್ತದೆ. ತೆರೆಯುವುದು ಎಷ್ಟು? 0.4 ಮಿಲಿಮೀಟರ್, ಅಷ್ಟೇ.

ಇನ್ನೊಂದು ಸಾಮಾನು ಉಳಿಯಿತು. ಎಲ್ಲರೂ ಮರೆಯುವುದು ಅದನ್ನೇ. ಬಸ್ಸು ಗಕ್ಕನೆ ನಿಂತರೆ ಒಳಗೆ ನಿಂತವರು ಮುಂದಕ್ಕೆ ವಾಲುವುದಿಲ್ಲವೇ? ಕಾಯಿಲ್‌ನೊಳಗೆ ಹರಿಯುವ ವಿದ್ಯುತ್ತಿಗೂ ಅದೇ ಚಾಳಿ. ಪಾಯಿಂಟ್ ತೆರೆದರೂ ಅದು ನಿಲ್ಲಲು ಒಪ್ಪದೆ ಆ ಸಣ್ಣ ಸಂದನ್ನೇ ಹಾರಿ ಹೋಗಲು ನೋಡುತ್ತದೆ. ಹಾರಿದರೆ ಕಿಡಿ ಪ್ಲಗ್ಗಿನಲ್ಲಿ ಬರುವ ಬದಲು ಪಾಯಿಂಟಿನಲ್ಲೇ ಬಂದು ಗುಂಡಿಗಳನ್ನು ಸುಡುತ್ತದೆ. ಕಡಿತ ನಿಧಾನವಾಗುತ್ತದೆ, ಪ್ಲಗ್ಗಿಗೆ ಬಲ ಸಾಲುವುದಿಲ್ಲ. ಇದನ್ನು ತಪ್ಪಿಸಲು ಪಾಯಿಂಟಿನ ಪಕ್ಕದಲ್ಲೊಂದು ಹೆಬ್ಬೆರಳಿನಷ್ಟು ಡಬ್ಬಿ ಇಟ್ಟಿರುತ್ತಾರೆ. ಅದೇ ಕಂಡೆನ್ಸರ್. ಎರಡು ಉದ್ದನೆಯ ಲೋಹದ ಹಾಳೆ, ನಡುವೆ ತೆಳು ಕಾಗದ, ಎಲ್ಲ ಸೇರಿಸಿ ಚಾಪೆಯಂತೆ ಸುತ್ತಿ ಡಬ್ಬಿಯೊಳಗೆ ತುಂಬಿದ್ದು. ಓಡಿಬರುವ ಮಕ್ಕಳ ಎದುರಿಗೆ ಬಾಗಿಲು ಮುಚ್ಚಿದರೆ ಬಾಗಿಲಿಗೇ ಬಡಿಯುತ್ತಾರೆ. ಪಕ್ಕದಲ್ಲಿ ಒಂದು ಜಗಲಿ ಇದ್ದರೆ ಅತ್ತ ತಿರುಗಿ ನಿಲ್ಲುತ್ತಾರೆ. ಕಂಡೆನ್ಸರ್ ಆ ಜಗಲಿ. ಪಾಯಿಂಟ್ ತೆರೆದ ಕ್ಷಣ ನುಗ್ಗಿಬರುವ ವಿದ್ಯುತ್ತು ಅಲ್ಲಿ ತಂಗುತ್ತದೆ, ಕಡಿತ ಚೊಕ್ಕವಾಗುತ್ತದೆ, ಪ್ಲಗ್ಗಿನಲ್ಲಿ ದಪ್ಪ ಕಿಡಿ ಬರುತ್ತದೆ.

ಬ್ಯಾಟರಿ, ಕೀಲಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್. ಸರಪಳಿಯಲ್ಲಿ ಇಷ್ಟೇ ಕೊಂಡಿಗಳು, ಜೊತೆಗೆ ಅವನ್ನು ಜೋಡಿಸುವ ತಂತಿಗಳು. ಈಗಿನ ಗಾಡಿಗಳಲ್ಲಿ ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ. ಅದನ್ನು ಬಿಚ್ಚಲು ಹೋಗಬೇಡಿ, ಬಿಚ್ಚಿದರೂ ಒಳಗೆ ಏನೂ ಕಾಣಿಸುವುದಿಲ್ಲ. ಹಳೆಯ ಗಾಡಿಯ ಸೊಗಸೇ ಅದು, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ.

ಸಾಮಾನ್ಯವಾಗಿ ಸ್ಟಾರ್ಟ್ ಆಗದ ಗಾಡಿಯಲ್ಲಿ ಮೊದಲು ಬಿಚ್ಚಬೇಕಾದ್ದು ಪ್ಲಗ್. ಅದು ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲವೆಂದು ಅನುಮಾನ. ಒಣಗಿದ್ದರೆ ಪೆಟ್ರೋಲ್ ದಾರಿಯನ್ನು ನೋಡಬೇಕು. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದ್ದು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಕೆಲವೊಮ್ಮೆ ಮಸಿಯ ಎಳೆಯೊಂದು ಆ ಸಣ್ಣ ಸಂದಿಗೆ ಸೇತುವೆ ಕಟ್ಟಿಬಿಡುತ್ತದೆ. ಸೇತುವೆ ಇದ್ದ ಮೇಲೆ ಹಾರುವುದೇಕೆ? ಕಿಡಿ ಬರುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಪೆಟ್ರೋಲ್, ಸಣ್ಣ ಉಪ್ಪುಕಾಗದ ಇದ್ದರೆ ಸಾಕು. ಹೆಚ್ಚಿನ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಲೈಟು, ಹಾರನ್ ನೋಡಿ. ಹಾರನ್ ಕೆಮ್ಮಿದರೆ ಬ್ಯಾಟರಿಯೋ, ಅದರ ತುದಿಗಳಿಗೆ ಹಿಡಿದ ಬಿಳಿ ಪುಡಿಯೋ ಕಾರಣ.

ಮೇಷ್ಟ್ರ ಗಾಡಿಯ ಕಾಯಿಲೆಯ ಮುಖ ಬೇರೆ. ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾದಾಗ ಕೆಡುತ್ತದೆ. ಬಿಸಿಯಾದಾಗ ಕೆಡುವಂಥವು ಕೆಲವೇ. ಕಾಯಿಲ್ ಹಾಗೆ ಕೆಡಬಹುದು, ಕಂಡೆನ್ಸರ್ ಹಾಗೆ ಕೆಡಬಹುದು. ಇನ್ನೊಂದು ಕಳ್ಳ ಇದ್ದಾನೆ, ಅವನು ಬಿಸಿಗೆ ಸಂಬಂಧವೇ ಇಲ್ಲದೆ ಅದೇ ವೇಷ ಹಾಕುತ್ತಾನೆ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಆ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿದ ಹಾಗೆ ಟ್ಯಾಂಕಿನ ಒಳಗೆ ಗಾಳಿ ಸಾಲದೆ, ಸ್ವಲ್ಪ ಹೊತ್ತಾದ ಮೇಲೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಲೋಟದಲ್ಲಿ ನೀರು ತುಂಬಿ ಸ್ಟ್ರಾ ಇಟ್ಟು ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿ ನೋಡಿ, ನೀರು ಬೀಳುವುದಿಲ್ಲ. ಬೆರಳು ತೆಗೆದರೆ ಬೀಳುತ್ತದೆ. ಗಾಡಿಯೂ ಹಾಗೆಯೇ, ಅರ್ಧ ಗಂಟೆ ನಿಂತರೆ ಗಾಳಿ ಹೇಗೋ ನುಸುಳಿ ಮತ್ತೆ ಓಡುತ್ತದೆ. ನೋಡುವವರಿಗೆ ಎರಡೂ ಒಂದೇ ಕಾಯಿಲೆ.

ಆದ್ದರಿಂದ ನಾವು ಮಾಡಿದ್ದು ಇಷ್ಟೇ. ಗಾಡಿ ನಿಂತ ಜಾಗದಲ್ಲಿ, ನಿಂತ ನಿಮಿಷದಲ್ಲಿ ನೋಡಬೇಕು. ಶನಿವಾರ ಮಗ ಬೆಂಗಳೂರಿನಿಂದ ಬಂದ. ಹೆದ್ದಾರಿಗೆ ಹೋಗಬಾರದು, ನಮ್ಮ ಬಡಾವಣೆಯ ಖಾಲಿ ಸೈಟುಗಳ ಸುತ್ತಲೇ ಸುತ್ತಬೇಕು ಎಂದು ಅವನಿಗೆ ಹೇಳಿದೆ. ಮೊಮ್ಮಗಳು ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ಗಡಿಯಾರ, ನೋಟ್ ಪುಸ್ತಕ ಹಿಡಿದು ಕೂತಳು. ಪ್ರತಿ ಸುತ್ತಿಗೂ ಸಮಯ ಬರೆಯುವುದು ಅವಳ ಕೆಲಸ. ನನ್ನ ಬಳಿ ಒಂದು ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಒಂದು ಹೊಸ ಒಣ ಪ್ಲಗ್, ಒಂದು ಮೊಳ ತಂತಿ. ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಕೇಳಿ ತಂದ, ಕೆಲಸ ಮಾಡುತ್ತಿದ್ದ ಒಂದು ಕಂಡೆನ್ಸರ್.

ಮೊದಲ ಸುತ್ತು, ಎರಡನೆಯದು, ಐದನೆಯದು. ಮೇಷ್ಟ್ರ ಹೆಂಡತಿ ಒಳಗಿನಿಂದ "ಇನ್ನೂ ಎಷ್ಟು ಪೆಟ್ರೋಲ್ ಸುಡ್ತೀರಪ್ಪ" ಎಂದರು. ಒಂಬತ್ತನೆಯ ಸುತ್ತಿನಲ್ಲಿ ಸದ್ದು ನಿಂತಿತು. ಹುಡುಗಿ ಬರೆದಳು: 22 ನಿಮಿಷ. ನಾವಿಬ್ಬರೂ ಓಡಿದೆವು, ಅಂದರೆ ಅವಳು ಓಡಿದಳು, ನಾನು ನಡೆದೆ. ಗಾಡಿ ಮೂಲೆಯ ಹುಣಸೆ ಮರದ ಕೆಳಗೆ ನಿಂತಿತ್ತು.

"ತಾತ, ಮೊದಲು ಮುಚ್ಚಳ ಅಲ್ವಾ?" ಎಂದಳು. ಟ್ಯಾಂಕಿನ ಮುಚ್ಚಳ ತೆಗೆದೆವು. ಕಟ್ಟಿಕೊಂಡಿದ್ದರೆ ಗಾಳಿ ಒಳಗೆ ನುಗ್ಗುವಾಗ 'ಹುಸ್ಸ್' ಎಂದು ಸದ್ದು ಬರುತ್ತದೆ. ಬರಲಿಲ್ಲ. ಮುಚ್ಚಳ ತೆರೆದಿಟ್ಟೇ ಎರಡು ಕಿಕ್ ಹೊಡೆದರೂ ಇಲ್ಲ. ಹಾಗಾದರೆ ಮುಚ್ಚಳ ಕಳ್ಳನಲ್ಲ. ಅದನ್ನು ಭದ್ರವಾಗಿ ಮುಚ್ಚಿದೆವು. ಮುಂದೆ ಕಿಡಿಯ ಕೆಲಸ ಇರುವಾಗ ಪೆಟ್ರೋಲ್ ಬಾಯಿ ತೆರೆದಿರಬಾರದು.

ಆಮೇಲೆ ಕಿಡಿ. ಇಲ್ಲಿ ಒಂದು ಉಪಾಯ ಇದೆ. ಬಿಸಿ ಇಂಜಿನ್ನಿನಿಂದ ಪ್ಲಗ್ ಬಿಚ್ಚುವ ಅಗತ್ಯವಿಲ್ಲ. ಪ್ಲಗ್ಗಿನ ಕ್ಯಾಪ್ ಮಾತ್ರ ಎಳೆದು, ಕೈಯಲ್ಲಿರುವ ಹೊಸ ಪ್ಲಗ್ಗಿಗೆ ಸಿಕ್ಕಿಸಿ, ಅದನ್ನು ಸಿಲಿಂಡರಿನ ರೆಕ್ಕೆಗಳಿಗೆ ತಾಗುವಂತೆ ಇಟ್ಟರೆ ಸಾಕು. ಇಂಜಿನ್ನಿನ ತೂತು ಮುಚ್ಚಿಯೇ ಇರುತ್ತದೆ, ಪೆಟ್ರೋಲ್ ಆವಿ ಹೊರಗೆ ಬಂದು ಕಿಡಿಗೆ ಹತ್ತಿಕೊಳ್ಳುವ ಭಯ ಕಡಿಮೆ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ರಬ್ಬರ್ ಹಿಡಿಯ ಪ್ಲೇಯರಿನಿಂದ ಹಿಡಿಯಬೇಕು, ಇಲ್ಲವಾದರೆ ಮೊಣಕೈವರೆಗೆ ಜುಮ್ಮೆನ್ನುವ ಏಟು ಬೀಳುತ್ತದೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡಿರುವ ಅಜ್ಜ ಅಜ್ಜಿಯರು ಈ ಪರೀಕ್ಷೆಯ ಹತ್ತಿರವೂ ಬರಬೇಡಿ, ದೂರದಲ್ಲಿ ಕೂತು ಬೈದರೆ ಸಾಕು. ಮಕ್ಕಳು ದೊಡ್ಡವರಿಲ್ಲದೆ ಮಾಡಲೇಬಾರದು.

ಮಗ ಕಿಕ್ ಹೊಡೆದ. ಮರದ ನೆರಳಿನಲ್ಲಿ ಚೆನ್ನಾಗಿ ಕಾಣಿಸಿತು. ಬಿಸಿಲಿದ್ದರೆ ಕಿಡಿ ಕಾಣುವುದಿಲ್ಲ, ನೆನಪಿಡಿ. ಬಂದದ್ದು ಹಳದಿ ಬಣ್ಣದ ಬಡಕಲು ಕಿಡಿ. ಅದೂ ಒಮ್ಮೆ ಬಂತು, ಇನ್ನೊಮ್ಮೆ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಇದೇ ಪ್ಲಗ್ಗಿನಲ್ಲಿ ಚಟ್ ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ನೋಡಿದ್ದೆವು. ಹುಡುಗಿ ಅದನ್ನೂ ಬರೆದಿದ್ದಳು: 'ತಣ್ಣಗೆ ನೀಲಿ.' ಅದರ ಕೆಳಗೆ ಈಗ ಬರೆದಳು: 'ಬಿಸಿಗೆ ಹಳದಿ.' ಹೆಡ್‌ಲೈಟ್ ಪ್ರಖರವಾಗಿಯೇ ಉರಿಯುತ್ತಿತ್ತು, ಹಾರನ್ನೂ ಗಟ್ಟಿಯಾಗಿ ಕೂಗಿತು. ಬ್ಯಾಟರಿಯ ಮೇಲೆ ಅನುಮಾನ ಬೇಡ.

ಉಳಿದದ್ದು ಕಾಯಿಲ್, ಪಾಯಿಂಟ್, ಕಂಡೆನ್ಸರ್. ಬಲಗಡೆಯ ಮುಚ್ಚಳ ಬಿಚ್ಚಿ ಮತ್ತೆ ಕಿಕ್ ಹೊಡೆಸಿದೆ. ಪಾಯಿಂಟ್ ತೆರೆದಾಗಲೆಲ್ಲ ಗುಂಡಿಗಳ ನಡುವೆ ಪಳಪಳನೆ ಬೆಳ್ಳನೆಯ ಬೆಳಕು. ಪ್ಲಗ್ಗಿನಲ್ಲಿ ಇರಬೇಕಾದ ಕಿಡಿ ಇಲ್ಲಿ ಕೂತಿತ್ತು! ಗುಂಡಿಗಳೂ ಸುಟ್ಟು ಬೂದು ಬಣ್ಣಕ್ಕೆ ತಿರುಗಿದ್ದವು. ಕಂಡೆನ್ಸರ್ ಸರಿ ಇದ್ದರೆ ಇಷ್ಟು ಬೆಳಕು ಇಲ್ಲಿ ಕಾಣಬಾರದು.

ಹಾಗೆಂದು ತಕ್ಷಣ ತೀರ್ಮಾನ ಮಾಡುವುದು ಬೇಡ ಎಂದುಕೊಂಡೆ. ಇಂಜಿನ್ ಆರುವ ಮೊದಲು ಹಳೆಯ ಕಂಡೆನ್ಸರಿನ ತಂತಿಯನ್ನು ಪಾಯಿಂಟಿನಿಂದ ಬಿಡಿಸಿ, ಎರವಲು ತಂದದ್ದನ್ನು ಹೊರಗಿನಿಂದಲೇ ತಂತಿ ಕಟ್ಟಿ ಜೋಡಿಸಿದೆ. ತಂತಿಯ ತುದಿ ಪಾಯಿಂಟಿಗೆ, ಡಬ್ಬಿಯ ಮೈ ಇಂಜಿನ್ನಿನ ಮೈಗೆ. ಹಳೆಯದನ್ನು ಬಿಡಿಸದೆ ಹೊಸದನ್ನು ಕಟ್ಟಿದರೆ ಪ್ರಯೋಜನವಿಲ್ಲ, ಸೋರುವ ಕೊಡದ ಪಕ್ಕದಲ್ಲಿ ಒಳ್ಳೆಯ ಕೊಡ ಇಟ್ಟರೆ ಸೋರುವುದು ನಿಲ್ಲುವುದಿಲ್ಲ. ಮತ್ತೆ ಕಿಕ್. ಪಾಯಿಂಟಿನ ಬೆಳಕು ಸೂಜಿಮೊನೆಯಷ್ಟಾಯಿತು. ರೆಕ್ಕೆಯ ಮೇಲಿಟ್ಟ ಪ್ಲಗ್ಗಿನಲ್ಲಿ ಚಟ್! ನೀಲಿ.

ಕ್ಯಾಪನ್ನು ಗಾಡಿಯ ಪ್ಲಗ್ಗಿಗೆ ಹಾಕಿ ಎರಡನೆಯ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಪ್ಪ ಮಗಳು ಕುಣಿದರು. ನಾನು ಇಂಜಿನ್ ಆರಿಸಲು ಹೇಳಿ, ಹಳೆಯ ಕಂಡೆನ್ಸರನ್ನೇ ಮತ್ತೆ ಜೋಡಿಸಿದೆ. "ಯಾಕೆ ತಾತ, ಸರಿ ಹೋಯ್ತಲ್ಲ?" ಎಂದು ಹುಡುಗಿಗೆ ಬೇಸರ. ಅಷ್ಟು ಹೊತ್ತಿಗೆ ಇಂಜಿನ್ ಸ್ವಲ್ಪ ತಣ್ಣಗಾಗಿ ತಾನೇ ಗುಣವಾಗಿದ್ದರೆ? ಹೊಸ ಕಂಡೆನ್ಸರಿಗೆ ಸುಮ್ಮನೆ ಹೆಸರು ಬಂದಂತಾಗುತ್ತದೆ. ಹಳೆಯದನ್ನು ಹಾಕಿದ ಮೇಲೆ ಎಂಟು ಕಿಕ್ ಹೊಡೆದರೂ ಗಾಡಿ ಮಾತಾಡಲಿಲ್ಲ. ಮತ್ತೆ ಎರವಲಿನದು ಹಾಕಿದೆವು, ಮೊದಲ ಕಿಕ್ಕಿಗೇ ಎದ್ದಿತು. ಹುಡುಗಿ ನೋಟ್ ಪುಸ್ತಕದಲ್ಲಿ ಎರಡು ಗೀಟು ಎಳೆದಳು.

ಡಬ್ಬಿಯೊಳಗಿನ ಕಾಗದ ವಯಸ್ಸಾದ ಹಾಗೆ ಬಲ ಕಳೆದುಕೊಳ್ಳುತ್ತದೆ. ತಣ್ಣಗಿದ್ದಾಗ ಹೇಗೋ ತಡೆದುಕೊಂಡಿರುತ್ತದೆ, ಇಂಜಿನ್ನಿನ ಬಿಸಿ ತಾಗಿದಾಗ ಸೋರತೊಡಗುತ್ತದೆ. ಯೆಜ್ಡಿಯಲ್ಲಿ ಅದು ಕೂತಿರುವುದೇ ಇಂಜಿನ್ನಿನ ಪಕ್ಕದ ಮುಚ್ಚಳದೊಳಗೆ, ಆರಾಮವಾಗಿ ಬೇಯುವ ಜಾಗದಲ್ಲಿ. ಕಾಯಿಲ್ ಬದಲಾಯಿಸಿದ ಗ್ಯಾರೇಜಿನವರ ಊಹೆ ಹತ್ತಿರವೇ ಬಂದಿತ್ತು ಎನ್ನಬೇಕು, ಪಕ್ಕದ ಮನೆಯ ಬಾಗಿಲು ತಟ್ಟಿದ್ದರು.

ಹೊಸ ಕಂಡೆನ್ಸರಿಗೆ ಆದ ಖರ್ಚು ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿಯುವುದಕ್ಕಿಂತ ಹೆಚ್ಚಲ್ಲ. ಸುಟ್ಟ ಪಾಯಿಂಟನ್ನೂ ಬದಲಾಯಿಸಿ, ಫೀಲರ್ ಗೇಜಿನ 0.4ರ ಎಲೆ ಇಟ್ಟು ಸಂದು ಸರಿಮಾಡಿದೆವು. ಎಲೆ ಸಡಿಲವಾಗಿ ಓಡಾಡಬಾರದು, ಸಿಕ್ಕಿಕೊಳ್ಳಲೂಬಾರದು, ಪುಸ್ತಕದ ಹಾಳೆಗಳ ನಡುವಿನಿಂದ ನವಿಲುಗರಿ ಎಳೆದ ಹಾಗೆ ಬರಬೇಕು. ಅದನ್ನು ಹುಡುಗಿಯೇ ಮಾಡಿದಳು. ಅವಳ ಬೆರಳು ನನ್ನದರ ಹಾಗೆ ನಡುಗುವುದಿಲ್ಲ.

ಭಾನುವಾರ ಗುಜರಿಯವನು ಬಂದ. ಹಳೆಯ ಪೇಪರು, ಒಂದು ಕಬ್ಬಿಣದ ಮಂಚ, ಎರಡು ತೂತು ಬಕೆಟ್ ತೂಕ ಹಾಕಿಸಿಕೊಂಡು ಹೋದ. ಮೇಷ್ಟ್ರ ಹೆಂಡತಿ ಗಾಡಿಯ ಬಗ್ಗೆ ಒಳ್ಳೆಯ ಮಾತೇನೂ ಆಡಲಿಲ್ಲ. "ಹೊಗೆ ಒಗೆದ ಬಟ್ಟೆಗೆ ಹಿಡಿಯುತ್ತೆ, ಅತ್ತ ಕಡೆ ನಿಲ್ಸು" ಎಂದು ಮಗನಿಗೆ ಹೇಳಿದರು. ಆಮೇಲೆ ಒಂದು ಷರತ್ತು ಹಾಕಿದರು: ಮೂರು ಭಾನುವಾರ ಬಡಾವಣೆಯೊಳಗೇ ಒಂದೊಂದು ಗಂಟೆ ಓಡಬೇಕು, ಒಮ್ಮೆಯೂ ನಿಲ್ಲಬಾರದು, ಅಲ್ಲಿಯವರೆಗೆ ಮಗು ಹಿಂದೆ ಕೂರುವ ಹಾಗಿಲ್ಲ. ನಾನೂ ಅದಕ್ಕೆ ಒಪ್ಪಿದೆ. ಈಗ ಎರಡು ಭಾನುವಾರ ಕಳೆದಿದೆ. ನೋಟ್ ಪುಸ್ತಕದಲ್ಲಿ '60 ನಿಮಿಷ, ನಿಲ್ಲಲಿಲ್ಲ' ಎಂದು ಎರಡು ಸಲ ಬರೆದಾಗಿದೆ, ಪಕ್ಕದಲ್ಲಿ ಅಜ್ಜಿಯ ರುಜುವೂ ಇದೆ.

ಹುಡುಗಿ ಕೇಳಿದ ಒಂದು ಲೆಕ್ಕ ನಿಮಗೂ ಇರಲಿ. ಯೆಜ್ಡಿ ಟೂ ಸ್ಟ್ರೋಕ್ ಆದ್ದರಿಂದ ಇಂಜಿನ್ನಿನ ಒಂದು ಸುತ್ತಿಗೆ ಒಂದು ಕಿಡಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 16 ಕಿಲೋಮೀಟರ್. ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ, ಇಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಾ ಹೋದರೆ, ಕಾವೇರಿ ಸೇರುವಷ್ಟರಲ್ಲಿ ಆ ಪುಟ್ಟ ಬಾಗಿಲು ಎಷ್ಟು ಸಲ ತೆರೆದು ಮುಚ್ಚಿರುತ್ತದೆ? ಅಜ್ಜನನ್ನು ಕೇಳುವ ಮೊದಲು ನೀವೇ ಮಾಡಿ ನೋಡಿ. ಉತ್ತರ ಮುಂದಿನ ವಾರ.